ಹಣ ಪಡೆದು ವಿಳಾಸ ತೆಗೆಸುವ ಸೇವೆ: ಒಂದು ವರ್ಷ ಬಳಸಿದ ಮೇಲಿನ ವಿಮರ್ಶೆ

ಅಮೆರಿಕದಲ್ಲಿ ವಾಸಿಸುವ ಒಬ್ಬರ ಹೆಸರನ್ನೂ ರಾಜ್ಯವನ್ನೂ ಬರೆದರೆ ಅವರ ವಯಸ್ಸು, ಈಗಿನ ಮನೆ, ಹಿಂದೆ ಇದ್ದ ಮನೆಗಳು, ಫೋನ್ ಸಂಖ್ಯೆಗಳು, ಮನೆಮಂದಿಯ ಹೆಸರುಗಳು ಒಂದೇ ಪುಟದಲ್ಲಿ ತೆರೆದುಕೊಳ್ಳುವ ಜಾಲತಾಣಗಳಿವೆ. ಸ್ಪೋಕಿಯೊ, ವೈಟ್‌ಪೇಜಸ್, ಬೀನ್‌ವೆರಿಫೈಡ್, ಇಂಟೆಲಿಯಸ್, ಟ್ರೂಪೀಪಲ್‌ಸರ್ಚ್ ಇವು ಹೆಚ್ಚು ಪರಿಚಿತವಾದವು. ಕೆಲವು ತಾಣಗಳು ಅರ್ಧ ತೋರಿಸಿ ಉಳಿದರ್ಧಕ್ಕೆ ಹಣ ಕೇಳುತ್ತವೆ, ಕೆಲವು ಎಲ್ಲವನ್ನೂ ಉಚಿತವಾಗಿಯೇ ತೋರಿಸುತ್ತವೆ. ಪೀಪಲ್ ಸರ್ಚ್ ತಾಣಗಳೆಂದು ಕರೆಯಲಾಗುವ ಇವುಗಳಿಂದ ನಮ್ಮ ವಿವರಗಳನ್ನು ತೆಗೆಸಿಕೊಡುತ್ತೇವೆ ಎಂದು ವರ್ಷಕ್ಕಿಷ್ಟು ಚಂದಾ ಪಡೆಯುವ ಸೇವೆಗಳೂ ಈಗ ಹಲವು ಇವೆ. ಅಂಥ ಒಂದು ಸೇವೆಯನ್ನು ನಾನು ಪೂರ್ತಿ ಒಂದು ವರ್ಷ ಬಳಸಿದೆ; ಅದರ ಜೊತೆಗೆ ಕೆಲವು ತಾಣಗಳಲ್ಲಿ ನಾನೇ ಕುಳಿತು ಅರ್ಜಿ ಹಾಕಿದೆ, ಗೂಗಲ್ ಉಚಿತವಾಗಿ ಕೊಡುವ ಸಾಧನವನ್ನೂ ಪ್ರಯತ್ನಿಸಿದೆ. ಚಂದಾ ಕೊಟ್ಟ ಸೇವೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಅದರಲ್ಲಿ ನಾನು ಕಂಡ ಕೊರತೆಗಳು ಈ ಬಗೆಯ ಬಹುಪಾಲು ಸೇವೆಗಳಲ್ಲಿ ಎದುರಾಗುವಂಥವೇ ಆದ್ದರಿಂದ, ಓದುವವರಿಗೆ ಒಂದು ಕಂಪನಿಯ ಹೆಸರಿಗಿಂತ ಕೊರತೆಯ ಸ್ವರೂಪ ಹೆಚ್ಚು ಉಪಯೋಗಕ್ಕೆ ಬಂದೀತು.

ಈ ಕೆಲಸಕ್ಕೆ ನಾನು ಇಳಿದದ್ದು ನಮ್ಮ ಅತ್ತೆಯವರಿಗೆ ಬಂದ ಒಂದು ಫೋನ್ ಕರೆಯಿಂದ. ಕರೆ ಮಾಡಿದವನು ಅವರ ಮೊಮ್ಮಗನ ಹೆಸರು ಹೇಳಿದ, ನಾವಿರುವ ಬೀದಿಯ ಹೆಸರು ಹೇಳಿದ, ಹುಡುಗ ಅಪಘಾತ ಮಾಡಿ ಠಾಣೆಯಲ್ಲಿದ್ದಾನೆ, ಬಿಡಿಸಲು ಹಣ ಬೇಕು ಎಂದ. ಹುಡುಗ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲೇ ಇದ್ದುದರಿಂದ ಹಣ ಉಳಿಯಿತು. ಆದರೆ ಇಷ್ಟು ವಿವರ ಅವನಿಗೆ ಎಲ್ಲಿಂದ ಸಿಕ್ಕಿತು ಎಂಬ ಪ್ರಶ್ನೆ ಉಳಿದುಕೊಂಡಿತು. ಅಂದು ಸಂಜೆ ನನ್ನ ಹೆಸರನ್ನು ಹುಡುಕಿ ನೋಡಿದಾಗ ಮೂರು ಬೇರೆ ಬೇರೆ ಪ್ರೊಫೈಲ್‌ಗಳಲ್ಲಿ ನಾನಿದ್ದೆ. ಎಂದೋ ಬಿಟ್ಟುಬಂದ ಬಾಡಿಗೆ ಮನೆಯ ಕೋಣೆ ಸಂಖ್ಯೆಯಿಂದ ಹಿಡಿದು ಅತ್ತೆಯವರ ವಯಸ್ಸಿನವರೆಗೆ ಎಲ್ಲವೂ ಅಲ್ಲಿತ್ತು. ಹಿಂದೆ ಒಂದೇ ಮನೆಯಲ್ಲಿ ಬಾಡಿಗೆ ಹಂಚಿಕೊಂಡಿದ್ದ ಸ್ನೇಹಿತನೊಬ್ಬನನ್ನು ನನ್ನ ಸಂಬಂಧಿಕನೆಂದು ತೋರಿಸಲಾಗಿತ್ತು. ಆ ಕರೆಗೆ ಬೇಕಾದ ವಿವರಗಳನ್ನು ಅವನು ಇಲ್ಲಿಂದಲೇ ಪಡೆದನೆಂದು ನಾನು ಸಾಧಿಸಲಾರೆ, ಆದರೆ ಅವನು ಹೇಳಿದ ಪ್ರತಿಯೊಂದು ಮಾತಿಗೂ ಆಧಾರ ಆ ಪುಟಗಳಲ್ಲಿತ್ತು.

ಸೇವೆಯ ಗುಣದೋಷಕ್ಕೆ ಹೋಗುವ ಮುನ್ನ ಈ ವಿವರಗಳು ಎಲ್ಲಿಂದ ಬರುತ್ತವೆ ಎಂಬುದನ್ನು ತಿಳಿಯಬೇಕು, ಏಕೆಂದರೆ ತೆಗೆಸಿದ್ದು ಏಕೆ ಮತ್ತೆ ಬರುತ್ತದೆ ಎಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಮನೆ ಕೊಂಡಾಗ ಕೌಂಟಿ ಕಚೇರಿಯಲ್ಲಿ ನೋಂದಣಿಯಾಗುವ ಕ್ರಯಪತ್ರ, ಆಸ್ತಿ ತೆರಿಗೆಯ ದಾಖಲೆ, ನ್ಯಾಯಾಲಯದ ಕಡತ, ಹಲವು ರಾಜ್ಯಗಳಲ್ಲಿ ಮತದಾರರ ಪಟ್ಟಿ, ಇವೆಲ್ಲ ಸಾರ್ವಜನಿಕ ದಾಖಲೆಗಳು. ಮನೆ ಬದಲಿಸಿದಾಗ ಅಂಚೆ ಇಲಾಖೆಗೆ ಕೊಡುವ ಹೊಸ ವಿಳಾಸದ ಸೂಚನೆಯು ಪರವಾನಗಿ ಪಡೆದ ಸಂಸ್ಥೆಗಳ ಮೂಲಕ ಅಂಚೆಯಲ್ಲಿ ಜಾಹೀರಾತು ಕಳಿಸುವವರಿಗೂ ತಲುಪುತ್ತದೆ. ಸಾಲದ ಇತಿಹಾಸವನ್ನು ಇಟ್ಟುಕೊಳ್ಳುವ ಸಂಸ್ಥೆಗಳ ಕಡತದ ಮೇಲ್ಭಾಗದಲ್ಲಿರುವ ಹೆಸರು ಮತ್ತು ವಿಳಾಸದ ಭಾಗವೂ ಮಾರಾಟವಾಗುತ್ತದೆ. ಅದನ್ನು ನಿಯಂತ್ರಿಸುವ ನಿಯಮವೊಂದನ್ನು ಗ್ರಾಹಕರ ಹಣಕಾಸು ರಕ್ಷಣಾ ಮಂಡಳಿಯು 2024ರ ಡಿಸೆಂಬರ್‌ನಲ್ಲಿ ಪ್ರಸ್ತಾಪಿಸಿ, 2025ರ ಮೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಅಂಗಡಿಯ ರಿಯಾಯಿತಿ ಕಾರ್ಡ್, ಗ್ಯಾರಂಟಿ ಚೀಟಿ, ಸ್ಪರ್ಧೆಯ ಅರ್ಜಿ ಇಂಥವುಗಳಿಂದ ಸೇರುವುದು ಬೇರೆ. ಜನರ ವಿವರಗಳನ್ನು ಕೊಂಡು ಮಾರುವ ಡೇಟಾ ಬ್ರೋಕರ್‌ಗಳು ಇವನ್ನೆಲ್ಲ ಕೂಡಿಸಿ ಪರಸ್ಪರ ಮಾರಿಕೊಳ್ಳುತ್ತಾರೆ. ಹಾಗಾಗಿ ಒಂದು ತಾಣದಿಂದ ಅಳಿಸಿದ ವಿಳಾಸವು ಆ ತಾಣ ಮುಂದಿನ ಬಾರಿ ಹೊಸ ದಾಖಲೆಗಳ ಕಂತೆಯನ್ನು ಕೊಂಡಾಗ ಮತ್ತೆ ಕಾಣಿಸಿಕೊಳ್ಳುತ್ತದೆ. ಬಾವಿಯಲ್ಲಿ ಒರತೆ ಇರುವವರೆಗೆ ನೀರು ಸೇದಿದಷ್ಟೂ ತುಂಬಿಕೊಳ್ಳುವ ಹಾಗೆ.

ಹಾಗೆ ಕೂಡಿಸಿದ ದಾಖಲೆ ಸರಿಯಾಗಿಯೇ ಇರುತ್ತದೆ ಎಂದೇನಿಲ್ಲ. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪು ನೀಡಿದ ಸ್ಪೋಕಿಯೊ ವಿರುದ್ಧ ರಾಬಿನ್ಸ್ ಪ್ರಕರಣದಲ್ಲಿ ದೂರುದಾರರ ಅಹವಾಲು ಇದೇ ಆಗಿತ್ತು: ತಮಗೆ ಮದುವೆಯಾಗಿದೆ, ಮಕ್ಕಳಿದ್ದಾರೆ, ಒಳ್ಳೆಯ ಉದ್ಯೋಗವಿದೆ, ಸ್ನಾತಕೋತ್ತರ ಪದವಿಯಿದೆ ಎಂದು ತಾಣ ತೋರಿಸುತ್ತಿದ್ದು, ಇವು ಯಾವುವೂ ನಿಜವಲ್ಲ, ಕೆಲಸ ಹುಡುಕುತ್ತಿರುವಾಗ ಇದರಿಂದ ತಮಗೆ ಹಾನಿಯಾಗುತ್ತದೆ ಎಂದು ಅವರು ವಾದಿಸಿದ್ದರು. ಇಂಥ ಮಾಹಿತಿಯನ್ನು ನೌಕರಿಗೆ ಅಥವಾ ಬಾಡಿಗೆಗೆ ಜನರನ್ನು ಆರಿಸಲು ಬಳಸಬೇಕಾದರೆ 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಕಾಯಿದೆಯ ಕಟ್ಟುನಿಟ್ಟುಗಳನ್ನು ಪಾಲಿಸಬೇಕು. ಅದನ್ನು ಪಾಲಿಸದೆ ನೇಮಕಾತಿಯವರಿಗೆ ಮಾಹಿತಿ ಮಾರಿದ ಆರೋಪದ ಮೇಲೆ ಸ್ಪೋಕಿಯೊ 2012ರಲ್ಲಿ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ಗೆ 8 ಲಕ್ಷ ಡಾಲರ್ ಕೊಟ್ಟು ಪ್ರಕರಣವನ್ನು ಇತ್ಯರ್ಥ ಮಾಡಿಕೊಂಡಿತು. 2023ರಲ್ಲಿ ಟ್ರೂತ್‌ಫೈಂಡರ್ ಮತ್ತು ಇನ್‌ಸ್ಟಂಟ್ ಚೆಕ್‌ಮೇಟ್ 58 ಲಕ್ಷ ಡಾಲರ್ ಕೊಡಲು ಒಪ್ಪಿದವು. ಆದ್ದರಿಂದಲೇ ಈಗ ಈ ತಾಣಗಳ ಅಡಿಯಲ್ಲಿ ನೌಕರಿ, ಬಾಡಿಗೆ, ಸಾಲದ ತೀರ್ಮಾನಕ್ಕೆ ಇದನ್ನು ಬಳಸಬಾರದು ಎಂಬ ಸಾಲು ಇರುತ್ತದೆ. ಓದುವವರು ಆ ಸಾಲಿಗೆ ಎಷ್ಟು ಬೆಲೆ ಕೊಡುತ್ತಾರೆ ಎಂಬುದು ನನ್ನನ್ನು ಈಗಲೂ ಕಾಡುವ ಚಿಂತೆ.

ಈಗ ಚಂದಾ ಸೇವೆಯ ವಿಷಯ. ಸೇರುವಾಗ ಅವರು ಕೇಳಿದ್ದು ಪೂರ್ಣ ಹೆಸರು, ಹೆಸರಿನ ಬೇರೆ ರೂಪಗಳು, ಹುಟ್ಟಿದ ದಿನ, ಈಗಿನ ಮತ್ತು ಹಿಂದಿನ ವಿಳಾಸಗಳು, ಫೋನ್ ಮತ್ತು ಇಮೇಲ್. ಅದರ ಜೊತೆಗೆ ನನ್ನ ಪರವಾಗಿ ಅರ್ಜಿ ಸಲ್ಲಿಸುವ ಅಧಿಕಾರಪತ್ರಕ್ಕೆ ಸಹಿ. ಮಾಹಿತಿಯನ್ನು ಅಡಗಿಸಲು ಹೊರಟವನು ಮೊದಲು ಅಷ್ಟನ್ನೂ ಮತ್ತೊಬ್ಬರ ಕೈಗೆ ಕೊಡಬೇಕಾಗುವುದು ಇಲ್ಲಿ ತಪ್ಪುವುದಿಲ್ಲ, ಏಕೆಂದರೆ ಹುಡುಕಬೇಕಾದ್ದು ಏನೆಂದು ತಿಳಿಯದೆ ಅವರೂ ಹುಡುಕಲಾರರು. ಆದರೆ ಕೊಡುವ ಮುನ್ನ ಆ ಸಂಸ್ಥೆಯ ಒಡೆತನ ಯಾರದು, ಚಂದಾ ನಿಂತ ಮೇಲೆ ನಮ್ಮ ವಿವರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಬೇರೆಯವರಿಗೆ ಕೊಡುತ್ತಾರೆಯೇ ಎಂಬ ಮೂರನ್ನು ಅವರ ಗೋಪ್ಯತಾ ನೀತಿಯಲ್ಲಿ ಹುಡುಕಿ ಓದಬೇಕು. ಇದನ್ನು ಒತ್ತಿ ಹೇಳಲು ಕಾರಣವಿದೆ. ಸೈಬರ್ ಭದ್ರತೆಯ ಕುರಿತು ಬರೆಯುವ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅವರು 2024ರ ಮಾರ್ಚ್‌ನಲ್ಲಿ, ಒನ್‌ರೆಪ್ ಎಂಬ ಇಂಥದೇ ಸೇವೆಯ ಮುಖ್ಯಸ್ಥರು ಹಿಂದೆ ಹತ್ತಾರು ಪೀಪಲ್ ಸರ್ಚ್ ತಾಣಗಳನ್ನು ಆರಂಭಿಸಿದ್ದರೆಂದು ವರದಿ ಮಾಡಿದರು. ಅವುಗಳಲ್ಲೊಂದಾದ ನುವ್ಬರ್‌ನಲ್ಲಿ ತಮಗೆ ಇನ್ನೂ ಪಾಲಿದೆ ಎಂದು ಆ ಮುಖ್ಯಸ್ಥರೇ ಬಳಿಕ ಒಪ್ಪಿಕೊಂಡರು. ಅದೇ ವರ್ಷ ಫೆಬ್ರವರಿಯಲ್ಲಿ ಮೊಜಿಲ್ಲಾ ಸಂಸ್ಥೆ ಆರಂಭಿಸಿದ್ದ ಮಾನಿಟರ್ ಪ್ಲಸ್ ಎಂಬ, ವಿವರ ತೆಗೆಸಿಕೊಡುವ ಸೇವೆಯ ಹಿಂದೆ ಕೆಲಸ ಮಾಡುತ್ತಿದ್ದುದು ಒನ್‌ರೆಪ್‌. ಮೊಜಿಲ್ಲಾ ಆ ಒಪ್ಪಂದದಿಂದ ಹೊರಬರುವುದಾಗಿ ಹೇಳಿತು, 2025ರ ಕೊನೆಯಲ್ಲಿ ಆ ಸೇವೆಯೇ ನಿಂತಿತು. ಬೀಗ ಮಾಡುವವನೂ ಕನ್ನ ಕೊರೆಯುವವನೂ ಒಂದೇ ಮನೆಯವರೇ ಎಂದು ವಿಚಾರಿಸಿಕೊಳ್ಳುವುದು ಗ್ರಾಹಕನ ಹಕ್ಕು.

ಸೇರಿದ ಒಂದು ವಾರದೊಳಗೆ ಮೊದಲ ವರದಿ ಬಂತು. ಹಸಿರು ಗುರುತುಗಳು ತುಂಬಿದ, ನೋಡಲು ಬಹಳ ಸಮಾಧಾನ ಕೊಡುವ ಪುಟ ಅದು. ನೂರಕ್ಕೂ ಹೆಚ್ಚು ತಾಣಗಳನ್ನು ಪರಿಶೀಲಿಸಿದ್ದೇವೆ, ಇಷ್ಟು ಕಡೆ ಅರ್ಜಿ ಸಲ್ಲಿಸಿದ್ದೇವೆ, ಇಷ್ಟು ಕಡೆ ತೆಗೆಯಲಾಗಿದೆ ಎಂಬ ಲೆಕ್ಕ. ಆ ಲೆಕ್ಕವನ್ನು ನಂಬದೆ ನಾನು ಮೊದಲೇ ಸಿದ್ಧಪಡಿಸಿದ್ದ ನನ್ನ ಇಪ್ಪತ್ತು ತಾಣಗಳ ಪಟ್ಟಿಯನ್ನು ತೆಗೆದುಕೊಂಡು, ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ಒಂದೊಂದನ್ನೇ ತೆರೆದು ನೋಡುತ್ತಾ ಹೋದೆ. ವರದಿ ಎಣಿಸಿದ ತಾಣಗಳಲ್ಲಿ ಅನೇಕವು ನಾನೆಂದೂ ಇಲ್ಲದಿದ್ದ ತಾಣಗಳು. ಇಲ್ಲದ್ದನ್ನು ಇಲ್ಲವೆಂದು ತೋರಿಸುವುದಕ್ಕೂ ಅಲ್ಲಿ ಹಸಿರು ಗುರುತೇ ಇತ್ತು. ಜನ ನಿಜವಾಗಿ ಹುಡುಕುವ ದೊಡ್ಡ ತಾಣಗಳಲ್ಲಿ ನಾಲ್ಕು ತಿಂಗಳ ಬಳಿಕವೂ ಅರ್ಧದಷ್ಟು ಪುಟಗಳು ಹಾಗೆಯೇ ಇದ್ದವು. ಇದಕ್ಕಿಂತ ದೊಡ್ಡ ಕೊರತೆ ಹೆಸರಿನದು. ಇಂಗ್ಲಿಷ್ ಅಕ್ಷರಗಳಲ್ಲಿ ನನ್ನ ಹೆಸರನ್ನು ಎರಡು ಮೂರು ಬಗೆಯಲ್ಲಿ ಬರೆಯಬಹುದು. ಒಂದು ದಾಖಲೆಯಲ್ಲಿ ಇನಿಷಿಯಲ್ ಮಾತ್ರ ಇದ್ದರೆ ಇನ್ನೊಂದರಲ್ಲಿ ಅದು ಬಿಡಿಸಿಕೊಂಡು ತಂದೆಯ ಹೆಸರೇ ಕೊನೆಯ ಹೆಸರಾಗಿದೆ. ಸೇರುವಾಗ ಈ ರೂಪಗಳನ್ನೆಲ್ಲ ಕೊಟ್ಟಿದ್ದರೂ ಸೇವೆಯು ತೆಗೆಸಿದ್ದು ಒಂದು ರೂಪದ ಪ್ರೊಫೈಲ್‌ಗಳನ್ನು ಮಾತ್ರ. ಉಳಿದ ಎರಡರಲ್ಲಿ ಅದೇ ಮನೆ, ಅದೇ ಫೋನ್ ಸಂಖ್ಯೆ ಹಾಗೆಯೇ ಉಳಿದಿದ್ದವು. ಸಹಾಯ ವಿಭಾಗಕ್ಕೆ ಬರೆದಾಗ, ನೀವೇ ಆ ಪುಟಗಳ ಲಿಂಕ್ ಹುಡುಕಿ ಕಳಿಸಿದರೆ ನಾವು ಅರ್ಜಿ ಹಾಕುತ್ತೇವೆ ಎಂದು ಸೌಜನ್ಯದಿಂದಲೇ ಉತ್ತರಿಸಿದರು. ಕಳಿಸಿದ ಮೇಲೆ ಅವು ಹೋದವು ಎಂಬುದನ್ನೂ ಹೇಳಬೇಕು. ಆದರೆ ಲಿಂಕ್ ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು.

ಇದು ನನ್ನೊಬ್ಬನ ದುರದೃಷ್ಟವೇ ಎಂಬ ಅನುಮಾನ ನನಗೂ ಇತ್ತು. ಕನ್ಸ್ಯೂಮರ್ ರಿಪೋರ್ಟ್ಸ್ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದ ಪರೀಕ್ಷೆಯನ್ನು ಓದಿದ ಮೇಲೆ ಆ ಅನುಮಾನ ಹೋಯಿತು. ಕ್ಯಾಲಿಫೋರ್ನಿಯಾ ಮತ್ತು ನ್ಯೂಯಾರ್ಕ್‌ನ 32 ಸ್ವಯಂಸೇವಕರ ವಿವರಗಳನ್ನು 13 ಪೀಪಲ್ ಸರ್ಚ್ ತಾಣಗಳಲ್ಲಿ ಹುಡುಕಿ, ಏಳು ಸೇವೆಗಳಿಗೆ ನಾಲ್ಕು ತಿಂಗಳ ಕಾಲಾವಕಾಶ ಕೊಟ್ಟು ಅವರು ನೋಡಿದ್ದರು. ಸೇವೆಗಳಿಗೆ ವಹಿಸಿದ 332 ದಾಖಲೆಗಳಲ್ಲಿ ಹೋದದ್ದು 117, ಅಂದರೆ ನೂರಕ್ಕೆ 35. ಸೇವೆಗಳ ನಡುವಿನ ಅಂತರವಂತೂ ಬೆರಗು ಹುಟ್ಟಿಸುವಷ್ಟು ದೊಡ್ಡದು: ಆಪ್ಟರಿ ನೂರಕ್ಕೆ 68, ಈಸಿಆಪ್ಟ್‌ಔಟ್ಸ್ ನೂರಕ್ಕೆ 65 ತೆಗೆಸಿದ್ದರೆ, ಕೊನೆಯ ಸ್ಥಾನದಲ್ಲಿದ್ದ ಕಾನ್ಫಿಡೆಂಟ್ಲಿ ಮತ್ತು ರೆಪ್ಯುಟೇಷನ್‌ಡಿಫೆಂಡರ್ ನೂರಕ್ಕೆ 6 ಅಥವಾ ಅದರ ಆಸುಪಾಸಿನಲ್ಲಿದ್ದವು. ಬೆಲೆಗೂ ಫಲಕ್ಕೂ ಸಂಬಂಧವಿರಲಿಲ್ಲ. ಆಗ ಈಸಿಆಪ್ಟ್‌ಔಟ್ಸ್‌ನ ವಾರ್ಷಿಕ ಚಂದಾ 20 ಡಾಲರ್‌ನಷ್ಟು. ಆಪ್ಟರಿಯ ಮೇಲ್ದರ್ಜೆಯ ಯೋಜನೆಗೆ 249 ಡಾಲರ್. ನನ್ನ ಮಟ್ಟಿಗೆ ಆ ವರದಿಯ ಅತಿ ಮುಖ್ಯ ಸಾಲು ಇವು ಯಾವುದೂ ಅಲ್ಲ. ಯಾವ ಸೇವೆಯನ್ನೂ ಬಳಸದೆ ಕೈಯಾರೆ ಅರ್ಜಿ ಹಾಕಿದಾಗ ನೂರಕ್ಕೆ 70 ದಾಖಲೆಗಳು ಹೋದವು. ಹಣ ಪಡೆದ ಏಳರಲ್ಲಿ ಒಂದೂ ಅಷ್ಟು ದೂರ ಮುಟ್ಟಲಿಲ್ಲ.

ಹೀಗಾಗಿ ಚಂದಾ ಇನ್ನೂ ಚಾಲ್ತಿಯಲ್ಲಿರುವಾಗಲೇ ನಾನು ಕೈಕೆಲಸಕ್ಕೆ ಕುಳಿತೆ. ಮೂರು ಸಂಜೆಗಳು, ಸುಮಾರು ಏಳು ಗಂಟೆ ಹಿಡಿಯಿತು. ಈ ಕೆಲಸಕ್ಕೆಂದೇ ಒಂದು ಹೊಸ ಇಮೇಲ್ ತೆರೆದದ್ದು ಒಳ್ಳೆಯದಾಯಿತು. ನಿತ್ಯದ ಇಮೇಲ್ ಕೊಟ್ಟಿದ್ದರೆ ಅವರ ದಾಖಲೆಗೆ ಇನ್ನೊಂದು ವಿವರ ಸೇರುತ್ತಿತ್ತು. ಬಹುಪಾಲು ತಾಣಗಳ ಕ್ರಮ ಒಂದೇ: ಪುಟದ ತೀರಾ ಕೆಳಗೆ ಸಣ್ಣ ಅಕ್ಷರದಲ್ಲಿರುವ ಆಪ್ಟ್ ಔಟ್ ಅಥವಾ ನನ್ನ ಮಾಹಿತಿಯನ್ನು ಮಾರಬೇಡಿ ಎಂಬರ್ಥದ ಕೊಂಡಿಯನ್ನು ಒತ್ತಬೇಕು, ನಮ್ಮ ಪ್ರೊಫೈಲ್‌ನ ಲಿಂಕ್ ಅಂಟಿಸಬೇಕು, ಇಮೇಲ್‌ಗೆ ಬರುವ ದೃಢೀಕರಣವನ್ನು ಒಪ್ಪಬೇಕು. ದೃಢೀಕರಣದ ಇಮೇಲ್ ಸ್ಪ್ಯಾಮ್ ಪೆಟ್ಟಿಗೆಗೆ ಹೋಗಿ ಅರ್ಜಿ ಅಲ್ಲಿಗೇ ನಿಂತುಬಿಡುವುದು ಸಾಮಾನ್ಯ, ಆದ್ದರಿಂದ ಆ ಪೆಟ್ಟಿಗೆಯನ್ನು ನೋಡದೆ ಏಳಬಾರದು. ವೈಟ್‌ಪೇಜಸ್ ಫೋನ್‌ಗೆ ಸ್ವಯಂಚಾಲಿತ ಕರೆ ಮಾಡಿಸಿ ಸಂಕೇತ ಸಂಖ್ಯೆಯೊಂದನ್ನು ನಮೂದಿಸಲು ಹೇಳುತ್ತದೆ. ಇಂಟೆಲಿಯಸ್, ಟ್ರೂತ್‌ಫೈಂಡರ್, ಇನ್‌ಸ್ಟಂಟ್ ಚೆಕ್‌ಮೇಟ್, ಯುಎಸ್ ಸರ್ಚ್ ಈ ನಾಲ್ಕೂ ಪೀಪಲ್‌ಕನೆಕ್ಟ್ ಎಂಬ ಒಂದೇ ಕಂಪನಿಗೆ ಸೇರಿದವಾದ್ದರಿಂದ ಒಂದೇ ಅರ್ಜಿ ಸಾಕಾಗುತ್ತದೆ. ಬೀನ್‌ವೆರಿಫೈಡ್‌ಗೂ ಪೀಪಲ್‌ಲುಕರ್, ನೇಬರ್‌ಹೂ ಎಂಬ ಸೋದರ ತಾಣಗಳಿವೆ. ಹೀಗೆ ಬೇರನ್ನು ಹಿಡಿದರೆ ಹಲವು ಕೊಂಬೆಗಳ ಕೆಲಸ ಒಟ್ಟಿಗೆ ಮುಗಿಯುತ್ತದೆ. ಗುರುತಿನ ಚೀಟಿಯ ಚಿತ್ರ ಕೇಳುವ ತಾಣ ಎದುರಾದರೆ, ಹೆಸರು ಮತ್ತು ವಿಳಾಸವನ್ನು ಬಿಟ್ಟು ಭಾವಚಿತ್ರ ಹಾಗೂ ಸಂಖ್ಯೆಗಳನ್ನು ಮುಚ್ಚಿಯೇ ಕಳಿಸಬೇಕು.

ಇಲ್ಲಿ ಎರಡು ಪದಗಳ ನಡುವಿನ ವ್ಯತ್ಯಾಸವನ್ನು ಗಮನಿಸಬೇಕು. ಕೆಲವು ತಾಣಗಳು ಅಳಿಸುತ್ತೇವೆ ಎನ್ನುವುದಿಲ್ಲ, ತಡೆಹಿಡಿಯುತ್ತೇವೆ ಎನ್ನುತ್ತವೆ. ಅಂದರೆ ದಾಖಲೆ ಅವರ ಬಳಿಯೇ ಇರುತ್ತದೆ, ಹುಡುಕಿದವರಿಗೆ ಮಾತ್ರ ಕಾಣುವುದಿಲ್ಲ. ಮೊದಲು ಓದಿದಾಗ ಇದು ನನಗೆ ಮೋಸದಂತೆ ಕಂಡಿತ್ತು. ಯೋಚಿಸಿದಾಗ ಇದಕ್ಕೊಂದು ಪ್ರಯೋಜನವೂ ಇದೆ: ಹೊಸ ಕಂತೆಯಲ್ಲಿ ಅದೇ ಹೆಸರು ಬಂದರೆ, ಇದನ್ನು ತೋರಿಸಬಾರದು ಎಂದು ಗುರುತಿಸಲು ಅವರ ಬಳಿ ಏನಾದರೂ ಉಳಿದಿರಲೇಬೇಕು. ಪೂರ್ತಿ ಅಳಿಸಿದ ತಾಣವು ಮೂರು ತಿಂಗಳಲ್ಲಿ ನನ್ನನ್ನು ಹೊಸಬನೆಂದು ಮತ್ತೆ ಸೇರಿಸಿಕೊಂಡಿತು. ತಡೆಹಿಡಿದ ತಾಣದಲ್ಲಿ ನಾನು ಮತ್ತೆ ಕಾಣಿಸಿಕೊಂಡಿಲ್ಲ.

ಮನೆಯ ಎಲ್ಲರ ಹೆಸರನ್ನೂ ಒಟ್ಟಿಗೆ ತೆಗೆಸದಿದ್ದರೆ ಶ್ರಮ ಅರ್ಧ ವ್ಯರ್ಥ. ನನ್ನ ಪುಟ ಹೋದ ಮೇಲೆಯೂ ಹೆಂಡತಿಯ ಪುಟದಲ್ಲಿ ಸಂಬಂಧಿಕರು ಎಂಬ ಶೀರ್ಷಿಕೆಯ ಕೆಳಗೆ ನನ್ನ ಹೆಸರಿತ್ತು, ಮೇಲೆ ಅದೇ ವಿಳಾಸವಿತ್ತು. ಅತ್ತೆಯವರ ಪುಟವನ್ನು ನಾನು ಎಲ್ಲಕ್ಕಿಂತ ಮೊದಲು ತೆಗೆಸಬೇಕಿತ್ತು. ವಯಸ್ಸಾದವರ ಪುಟಗಳೇ ವಂಚಕರಿಗೆ ಬೇಕಾದ ಪುಟಗಳು, ಮತ್ತು ಅದನ್ನು ನೋಡಿ ತೆಗೆಸುವ ಅಭ್ಯಾಸ ಅವರಿಗೆ ಇರುವುದಿಲ್ಲ. ಚಂದಾ ಸೇವೆಗಳಲ್ಲಿ ಕುಟುಂಬದ ಯೋಜನೆಗೆ ಬೇರೆ ದರವಿರುತ್ತದೆ. ನಾನು ಒಬ್ಬನಿಗೆ ಮಾತ್ರ ಹಣ ಕೊಟ್ಟಿದ್ದೆ ಎಂಬುದನ್ನು ಈಗ ನೆನೆದರೆ ಬೇಸರವಾಗುತ್ತದೆ.

ಗೂಗಲ್ 2022ರಲ್ಲಿ ಆರಂಭಿಸಿದ ರಿಸಲ್ಟ್ಸ್ ಅಬೌಟ್ ಯು ಎಂಬ ಉಚಿತ ಸಾಧನದ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಗೂಗಲ್ ಖಾತೆಯಲ್ಲಿ ನಮ್ಮ ಹೆಸರು, ವಿಳಾಸ, ಫೋನ್, ಇಮೇಲ್ ನಮೂದಿಸಿದರೆ, ಅವು ಹುಡುಕಾಟದ ಫಲಿತಾಂಶದಲ್ಲಿ ಎಲ್ಲಿ ಕಾಣುತ್ತವೆ ಎಂದು ಅದೇ ಪತ್ತೆ ಹಚ್ಚಿ ಪಟ್ಟಿ ಕೊಡುತ್ತದೆ, ಒಂದು ಗುಂಡಿ ಒತ್ತಿದರೆ ತೆಗೆಯುವ ಅರ್ಜಿ ಹೋಗುತ್ತದೆ, ಮುಂದೆ ಹೊಸದು ಕಂಡರೆ ಸೂಚನೆ ಬರುತ್ತದೆ. ನನ್ನ ಅರ್ಜಿಗಳು ಕೆಲವೇ ದಿನಗಳಲ್ಲಿ ಒಪ್ಪಿಗೆಯಾದವು. ಆದರೆ ಹೋಗುವುದು ಗೂಗಲ್‌ನ ಫಲಿತಾಂಶ ಮಾತ್ರ. ಮೂಲ ತಾಣದಲ್ಲಿ ಪುಟ ಹಾಗೆಯೇ ಇರುತ್ತದೆ, ಅಲ್ಲಿಗೇ ನೇರವಾಗಿ ಹೋಗಿ ಹುಡುಕುವವನಿಗೂ ಬೇರೆ ಹುಡುಕಾಟ ಯಂತ್ರ ಬಳಸುವವನಿಗೂ ಸಿಗುತ್ತದೆ. ಆದ್ದರಿಂದ ನಾನು ಮೊದಲು ಈ ಸಾಧನದ ಪಟ್ಟಿಯನ್ನು ಹಿಡಿದು ಮೂಲ ತಾಣಗಳಲ್ಲಿ ಅರ್ಜಿ ಹಾಕಿ, ಅನಂತರ ಗೂಗಲ್‌ನಲ್ಲಿ ತೆಗೆಸಿದೆ. ಮೊದಲೇ ಗೂಗಲ್‌ನಲ್ಲಿ ತೆಗೆಸಿದ್ದರೆ ನನ್ನ ಪುಟಗಳು ಎಲ್ಲಿವೆ ಎಂದು ಹುಡುಕುವುದು ನನಗೇ ಕಷ್ಟವಾಗುತ್ತಿತ್ತು.

ಕ್ಯಾಲಿಫೋರ್ನಿಯಾದಲ್ಲಿ ಇರುವವರು ಚಂದಾ ಕೊಡುವ ಮುನ್ನ ತಮ್ಮ ರಾಜ್ಯ ಉಚಿತವಾಗಿ ಕೊಡುವ ದಾರಿಯನ್ನು ಬಳಸಬೇಕು. 2023ರಲ್ಲಿ ಅಂಗೀಕಾರವಾದ ಡಿಲೀಟ್ ಕಾಯಿದೆಯ ಪ್ರಕಾರ 2026ರ ಜನವರಿಯಲ್ಲಿ ಡ್ರಾಪ್ ಎಂಬ ಸರ್ಕಾರಿ ವೇದಿಕೆ ಜನರಿಗೆ ತೆರೆದಿದೆ. ಒಂದೇ ಅರ್ಜಿ ಸಲ್ಲಿಸಿದರೆ ಅದು ರಾಜ್ಯದಲ್ಲಿ ನೋಂದಾಯಿಸಿಕೊಂಡ ಎಲ್ಲ ಡೇಟಾ ಬ್ರೋಕರ್‌ಗಳಿಗೂ ಅನ್ವಯಿಸುತ್ತದೆ. 2026ರ ಆಗಸ್ಟ್ 1ರಿಂದ ಪ್ರತಿ 45 ದಿನಕ್ಕೊಮ್ಮೆ ಅವರು ಆ ಪಟ್ಟಿಯನ್ನು ನೋಡಿ ಅಳಿಸಬೇಕು, ಅಳಿಸದಿದ್ದರೆ ಪ್ರತಿ ಅರ್ಜಿಗೆ ದಿನಕ್ಕೆ 200 ಡಾಲರ್ ದಂಡ ಎಂದು ಕಾಯಿದೆ ಹೇಳುತ್ತದೆ. ಅಳಿಸಿದ್ದು ಮತ್ತೆ ತುಂಬಿಕೊಳ್ಳುವ ರೋಗಕ್ಕೆ ಮದ್ದನ್ನು ಕಾನೂನಿನಲ್ಲಿಯೇ ಬರೆದ ಕಾಯಿದೆ ಇದು ಎಂಬುದಕ್ಕೆ ನನಗೆ ಇದರ ಮೇಲೆ ಗೌರವ. ಆದರೂ ಸರ್ಕಾರಿ ಕಡತಗಳಿಂದ ಬಂದ ಸಾರ್ವಜನಿಕ ಮಾಹಿತಿಗೆ ಅದು ಅನ್ವಯಿಸುವುದಿಲ್ಲ, ಮತ್ತು ಉಳಿದ ರಾಜ್ಯಗಳ ನಿವಾಸಿಗಳು ಅದನ್ನು ಬಳಸುವಂತಿಲ್ಲ. ಡೇಟಾ ಬ್ರೋಕರ್‌ಗಳು ನೋಂದಾಯಿಸಿಕೊಳ್ಳಲೇಬೇಕೆಂದು 2018ರಲ್ಲಿಯೇ ಮೊದಲು ಕಾನೂನು ಮಾಡಿದ್ದು ವರ್ಮಾಂಟ್. ಅಲ್ಲಿಯೂ ಇಂಥ ಒಂದೇ ಅರ್ಜಿಯ ಅನುಕೂಲ ಆ ಕಾನೂನಿನಲ್ಲಿ ಇರಲಿಲ್ಲ.

ಇಷ್ಟೆಲ್ಲವೂ ನನ್ನಂಥ ಸಾಮಾನ್ಯರ ಮಾತು. ಯಾರಿಂದಲಾದರೂ ತಪ್ಪಿಸಿಕೊಂಡು ಬದುಕುತ್ತಿರುವವರಿಗೆ ಈ ಯಾವ ಸೇವೆಯನ್ನೂ ನಾನು ಶಿಫಾರಸು ಮಾಡಲಾರೆ, ಏಕೆಂದರೆ ಅವರ ಪಾಲಿಗೆ ನೂರರಲ್ಲಿ 70 ಹೋಗಿ 30 ಉಳಿಯುವುದೂ ಅಪಾಯವೇ. 1999ರಲ್ಲಿ ನ್ಯೂಹ್ಯಾಂಪ್‌ಶೈರ್‌ನಲ್ಲಿ ಏಮಿ ಬಾಯರ್ ಎಂಬ ಯುವತಿಯನ್ನು ಕೊಂದವನು ಅವಳ ಕೆಲಸದ ಸ್ಥಳದ ವಿಳಾಸವನ್ನು ಇಂಟರ್ನೆಟ್‌ನಲ್ಲಿ ಮಾಹಿತಿ ಮಾರುವ ಸಂಸ್ಥೆಯೊಂದರಿಂದ ಕೊಂಡಿದ್ದ. 2020ರಲ್ಲಿ ನ್ಯೂಜೆರ್ಸಿಯ ಫೆಡರಲ್ ನ್ಯಾಯಾಧೀಶೆ ಎಸ್ತರ್ ಸಾಲಸ್ ಅವರ ಮನೆಯ ಬಾಗಿಲಿಗೇ ಬಂದ ಬಂದೂಕುಧಾರಿ ಅವರ ಮಗ ಡೇನಿಯಲ್‌ನನ್ನು ಕೊಂದ. ಆ ಮಗನ ಹೆಸರಿನಲ್ಲಿಯೇ ಬಂದ ಕಾನೂನುಗಳು ನ್ಯಾಯಾಧೀಶರ ಮನೆ ವಿಳಾಸಕ್ಕೆ ರಕ್ಷಣೆ ಕೊಟ್ಟಿವೆ. ಹಿಂಸೆಗೆ ಒಳಗಾದ ಸಾಮಾನ್ಯರಿಗಾಗಿ ಹಲವು ರಾಜ್ಯಗಳಲ್ಲಿ ವಿಳಾಸ ಗೋಪ್ಯತೆಯ ಯೋಜನೆಗಳಿವೆ. ವಾಷಿಂಗ್ಟನ್ ರಾಜ್ಯ ಇದನ್ನು 1991ರಲ್ಲಿ ಆರಂಭಿಸಿತು, ಕ್ಯಾಲಿಫೋರ್ನಿಯಾದಲ್ಲಿ ಇದರ ಹೆಸರು ಸೇಫ್ ಅಟ್ ಹೋಮ್. ಇವು ಮನೆಯ ವಿಳಾಸದ ಬದಲಿಗೆ ರಾಜ್ಯವೇ ಕೊಡುವ ಅಂಚೆ ವಿಳಾಸವನ್ನು ಸರ್ಕಾರಿ ದಾಖಲೆಗಳಲ್ಲಿ ಬಳಸಲು ಬಿಡುತ್ತವೆ, ಅಂದರೆ ಒರತೆಯನ್ನೇ ಮುಚ್ಚುತ್ತವೆ. ಅಂಥವರು ಮೊದಲು ಹೋಗಬೇಕಾದದ್ದು ಅಲ್ಲಿಗೆ.

ಚಂದಾ ಸೇವೆಯ ನವೀಕರಣದ ಸೂಚನೆ ಕಳೆದ ತಿಂಗಳು ಬಂದಾಗ ನಾನು ಅದನ್ನು ಮುಂದುವರಿಸಲಿಲ್ಲ. ಅದು ಮಾಡಿದ ಕೆಲಸಕ್ಕೆ ಐದರಲ್ಲಿ ಎರಡು ಅಂಕ ಕೊಡುತ್ತೇನೆ. ಎರಡನ್ನಾದರೂ ಕೊಡುವುದು, ನಾನು ಹೆಸರೇ ಕೇಳದಿದ್ದ ಸಣ್ಣ ತಾಣಗಳಲ್ಲಿ ತಿಂಗಳು ತಿಂಗಳೂ ಮರುಪರಿಶೀಲನೆ ಮಾಡಿದ್ದಕ್ಕಾಗಿ. ಆ ಕೆಲಸವನ್ನು ನಾನು ಕೈಯಾರೆ ಮಾಡುತ್ತಿರಲಿಲ್ಲ. ಬಿಡುವಿಲ್ಲದವರು ದೊಡ್ಡ ತಾಣಗಳನ್ನು ಒಮ್ಮೆ ತಾವೇ ಮುಗಿಸಿ, ಸಣ್ಣವಕ್ಕಾಗಿ ಕಡಿಮೆ ಬೆಲೆಯ ಒಂದು ಸೇವೆ ಇಟ್ಟುಕೊಂಡರೆ ಆಕ್ಷೇಪಣೆಯಿಲ್ಲ, ಇನ್ನೂರು ಡಾಲರ್ ದಾಟಿದ ಯೋಜನೆಗೆ ಮಾತ್ರ ನನಗೆ ಕಾರಣ ಕಾಣುತ್ತಿಲ್ಲ. ಖಾತೆ ಮುಚ್ಚುವಾಗ ನನ್ನ ಎಲ್ಲ ವಿವರಗಳನ್ನು ಅಳಿಸಿರೆಂದು ಅವರಿಗೂ ಒಂದು ಲಿಖಿತ ಅರ್ಜಿ ಕಳಿಸಿದೆ; ಹನ್ನೊಂದನೆಯ ದಿನ ಅಳಿಸಲಾಗಿದೆ ಎಂಬ ಉತ್ತರ ಬಂತು. ಮನೆಯ ನಾಲ್ವರ ಹೆಸರು, ಅವುಗಳ ಬೇರೆ ಬೇರೆ ರೂಪಗಳು, ಇಪ್ಪತ್ತು ತಾಣಗಳು, ಅರ್ಜಿ ಹಾಕಿದ ದಿನಾಂಕ, ಇಷ್ಟಿರುವ ಒಂದು ಕೋಷ್ಟಕ ಈಗ ನನ್ನ ಬಳಿ ಇದೆ, ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಅದನ್ನು ತೆರೆಯುತ್ತೇನೆ. ಮೊನ್ನೆ ತೆರೆದಾಗ ಅತ್ತೆಯವರ ಹೆಸರು ಎರಡು ಕಡೆ ಮತ್ತೆ ಬಂದಿತ್ತು. ಎರಡಕ್ಕೂ ಅರ್ಜಿ ಹಾಕಲು ಇಪ್ಪತ್ತು ನಿಮಿಷ ಹಿಡಿಯಿತು.